ಗುರುವಾಕ್ಯವೂ ಸತ್ಯಶೋಧನೆಯೂ

ಇಟಲಿಯ ದಕ್ಷಿಣ ತೀರದಲ್ಲಿ ಕ್ರೋಟನ್ ಎಂಬ ಗ್ರೀಕರ ನಗರವೊಂದಿತ್ತು. ಕ್ರಿ. ಪೂ. ಆರನೆಯ ಶತಮಾನದ ಉತ್ತರಾರ್ಧದಲ್ಲಿ ಸೇಮೋಸ್ ದ್ವೀಪದ ಪೈಥಾಗೊರಸನು ಅಲ್ಲಿಗೆ ಬಂದು ನೆಲೆಸಿದನು. ಅವನ ಸುತ್ತ ದೊಡ್ಡದೊಂದು ಶಿಷ್ಯವೃಂದ ಬೆಳೆಯಿತು. ಆ ಪಂಥಕ್ಕೆ ಹೊಸದಾಗಿ ಸೇರಿದವರು ಐದು ವರ್ಷಗಳ ಕಾಲ ಪ್ರಶ್ನೆ ಕೇಳದೆ ಮೌನವಾಗಿ ಪಾಠವನ್ನು ಆಲಿಸಬೇಕಾಗಿತ್ತೆಂದು ಪ್ರಾಚೀನ ಲೇಖಕರು ಬರೆದಿದ್ದಾರೆ. ಆ ಪಂಥದವರೊಡನೆ ಯಾರಾದರೂ ವಾದಕ್ಕೆ ನಿಂತು, “ನಿಮ್ಮ ಮಾತಿಗೆ ಆಧಾರವೇನು?” ಎಂದು ಕೇಳಿದರೆ, “ಅವರೇ ಹೇಳಿದ್ದಾರೆ” ಎಂಬ ಉತ್ತರ ಬರುತ್ತಿತ್ತಂತೆ. ‘ಅವರು’ ಎಂದರೆ ಗುರು ಪೈಥಾಗೊರಸ್. ಆ ಮಾತಿನ ಮುಂದೆ ಬೇರೆ ಪ್ರಮಾಣ ಬೇಕಿರಲಿಲ್ಲ. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ವಾಗ್ಮಿ ಸಿಸೆರೊ ಈ ಸಂಗತಿಯನ್ನು ಉಲ್ಲೇಖಿಸಿ, ಕಲಿಯಬಯಸುವವರಿಗೆ ಎಷ್ಟೋ ವೇಳೆ ಕಲಿಸುವವರ ಹಿರಿಮೆಯೇ ಅಡ್ಡಿಯಾಗುತ್ತದೆಯೆಂದು ವಿಷಾದಿಸಿದ್ದಾನೆ.

ಆದರೆ ಈ ಶಿಷ್ಯರನ್ನು ನೋಡಿ ನಗುವ ಮೊದಲು ಒಂದು ಕ್ಷಣ ಯೋಚಿಸಬೇಕು. ಮನುಷ್ಯನಿಗೆ ತಿಳಿದಿರುವುದರಲ್ಲಿ ಅವನು ಸ್ವತಃ ಕಂಡದ್ದೆಷ್ಟು, ಇತರರಿಂದ ಕೇಳಿದ್ದೆಷ್ಟು? ಮಾತು, ಲೆಕ್ಕ, ಕಸುಬು, ಊರಿನ ಹಿಂದಿನ ಕಥೆ ಎಲ್ಲವೂ ಹಿರಿಯರಿಂದಲೇ ಬರಬೇಕು. ಆಪ್ತರ ಮಾತನ್ನು ನಮ್ಮ ತರ್ಕಶಾಸ್ತ್ರಕಾರರಲ್ಲಿ ಹಲವರು ಒಂದು ಪ್ರಮಾಣವೆಂದೇ ಎಣಿಸಿದ್ದಾರೆ. ಹಾಗಾದರೆ ಗುರುವಾಕ್ಯಕ್ಕೆ ಸಲ್ಲಬೇಕಾದ ಸ್ಥಾನ ಯಾವುದು? ಅದು ತಿಳಿವಳಿಕೆಯ ಆರಂಭವೋ, ಅಂತ್ಯವೋ? ಪ್ರಾಚೀನ ಗ್ರೀಕರ ತತ್ತ್ವಶಾಸ್ತ್ರ ಮತ್ತು ವಿಜ್ಞಾನಗಳ ಸಾವಿರ ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. ಅದಕ್ಕೆ ಅವರು ಕೊಟ್ಟ ಉತ್ತರ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ.

ಪೈಥಾಗೊರಸನಿಗಿಂತ ತುಸು ಹಿಂದೆ, ಇಂದು ತುರ್ಕಿ ದೇಶಕ್ಕೆ ಸೇರಿರುವ ಪಶ್ಚಿಮ ಕರಾವಳಿಯ ಮಿಲೀಟಸ್ ನಗರದಲ್ಲಿ ಥೇಲೀಸನೆಂಬ ಜ್ಞಾನಿಯಿದ್ದನು. ಸಮಸ್ತಕ್ಕೂ ನೀರೇ ಮೂಲವೆಂದೂ, ಭೂಮಿಯು ನೀರಿನ ಮೇಲೆ ತೇಲುತ್ತಿದೆಯೆಂದೂ ಅವನು ಹೇಳಿದನು. ಅವನ ಹಾದಿಯಲ್ಲೇ ನಡೆದ ಅದೇ ಊರಿನ ಅನಾಕ್ಸಿಮ್ಯಾಂಡರನು ಈ ಮಾತನ್ನು ಒಪ್ಪಲಿಲ್ಲ. ಭೂಮಿಗೆ ಆಧಾರವೇ ಬೇಕಿಲ್ಲ. ಅದು ಎಲ್ಲ ದಿಕ್ಕುಗಳಿಂದಲೂ ಸಮದೂರದಲ್ಲಿರುವುದರಿಂದ ಯಾವ ಕಡೆಗೂ ಬೀಳದೆ ನಡುವೆ ನಿಂತಿದೆ ಎಂದು ಅವನು ವಾದಿಸಿದನು. ಮೂಲವಸ್ತು ನೀರಲ್ಲ, ಎಲ್ಲೆಯಿಲ್ಲದ ಬೇರೊಂದು ತತ್ತ್ವವೆಂಬುದು ಅವನ ಅಭಿಪ್ರಾಯ. ಅವನ ಅನಂತರ ಬಂದ ಅನಾಕ್ಸಿಮಿನೀಸನು ಇದನ್ನೂ ಬಿಟ್ಟು ಗಾಳಿಯೇ ಮೂಲವೆಂದನು. ಮೂರು ತಲೆಮಾರು, ಮೂರು ಉತ್ತರ! ಹಿರಿಯನ ಮಾತನ್ನು ಕಿರಿಯನು ಅಲ್ಲಗಳೆದರೂ ಪರಂಪರೆ ಕಡಿಯಲಿಲ್ಲ. ಏಕೆಂದರೆ ಉತ್ತರಗಳು ಬೇರೆಯಾಗಿದ್ದರೂ ಪ್ರಶ್ನೆ ಒಂದೇ ಆಗಿತ್ತು. ಆ ಪ್ರಶ್ನೆಯೇ ಥೇಲೀಸನು ತನ್ನವರಿಗೆ ಬಿಟ್ಟುಹೋದ ಆಸ್ತಿ.

ಆ ಕಾಲದ ಗ್ರೀಕರಿಗೆ ಹೋಮರ್ ಮತ್ತು ಹೀಸಿಯಡ್ ಬರಿಯ ಕವಿಗಳಾಗಿರಲಿಲ್ಲ. ದೇವತೆಗಳ ಸ್ವರೂಪ, ವೀರರ ಧರ್ಮ, ಬೇಸಾಯದ ಕಾಲ ಎಲ್ಲಕ್ಕೂ ಅವರ ಕಾವ್ಯಗಳೇ ಆಕರ. ಕಾಲೊಫನ್ ನಗರದ ಕ್ಸೆನೊಫನೀಸನು ಈ ಇಬ್ಬರನ್ನೂ ಪ್ರಶ್ನಿಸಿದನು. ಮನುಷ್ಯರಲ್ಲಿ ನಾಚಿಕೆಗೇಡೆನಿಸುವ ಕಳ್ಳತನ, ವಂಚನೆಗಳನ್ನು ದೇವತೆಗಳಿಗೆ ಆರೋಪಿಸಿದ್ದು ಸರಿಯೇ ಎಂಬುದು ಅವನ ಆಕ್ಷೇಪ. ದೇವರುಗಳು ಮನುಷ್ಯರಿಗೆ ಎಲ್ಲವನ್ನೂ ಮೊದಲೇ ತಿಳಿಸಿಬಿಡಲಿಲ್ಲ, ಹುಡುಕುತ್ತ ಹೋದಂತೆ ಕಾಲಕ್ರಮದಲ್ಲಿ ಮನುಷ್ಯರೇ ಉತ್ತಮವಾದುದನ್ನು ಕಂಡುಕೊಳ್ಳುತ್ತಾರೆ ಎಂಬ ಅರ್ಥದ ಮಾತನ್ನೂ ಅವನು ಹೇಳಿದ್ದಾನೆ. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂಬ ನಂಬಿಕೆಗೆ ಇದು ನೇರವಾದ ಉತ್ತರ.

ಹೀಗೆ ಪ್ರಶ್ನಿಸುವುದು ಎಲ್ಲ ವೇಳೆಯಲ್ಲಿಯೂ ಸುಲಭವಾಗಿರಲಿಲ್ಲ. ಅನಾಕ್ಸಗೊರಸನು ಅಥೆನ್ಸಿಗೆ ಬಂದು, ಸೂರ್ಯನು ದೇವತೆಯಲ್ಲ, ಪೆಲೊಪೊನೀಸ್ ಪ್ರಾಂತಕ್ಕಿಂತಲೂ ದೊಡ್ಡದಾದ ಉರಿಯುವ ಪಿಂಡವೆಂದನು. ಚಂದ್ರನ ಬೆಳಕು ಸೂರ್ಯನದೇ ಎಂದು ವಿವರಿಸಿದನು. ಅವನ ಮೇಲೆ ದೈವನಿಂದೆಯ ಆಪಾದನೆ ಬಂದಿತು. ಆ ನಗರದ ಮುಖಂಡನಾದ ಪೆರಿಕ್ಲೀಸನ ಸ್ನೇಹವಿದ್ದರೂ ಅವನು ಅಥೆನ್ಸನ್ನು ತೊರೆದು ಲ್ಯಾಂಪ್ಸಕಸ್ ಎಂಬ ದೂರದ ಊರಿನಲ್ಲಿ ಕಡೆಯ ದಿನಗಳನ್ನು ಕಳೆಯಬೇಕಾಯಿತು.

ಕ್ರಿ. ಪೂ. 399ರಲ್ಲಿ ಅದೇ ನಗರದಲ್ಲಿ ಸಾಕ್ರಟೀಸನ ವಿಚಾರಣೆ ನಡೆಯಿತು. ಅವನಿಗೆ ಆಗ ಎಪ್ಪತ್ತು ವರ್ಷ. ಅವನು ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುವು ಅವನ ಮೇಲಿನ ದೂರುಗಳು. ಅವನಿಗಿಂತ ಜ್ಞಾನಿಯಾದವನು ಯಾರೂ ಇಲ್ಲವೆಂದು ಡೆಲ್ಫಿಯ ದೇವಾಲಯದಿಂದ ದೇವವಾಣಿ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ವಾಣಿಯನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತಿದ್ದರು. ಸಾಕ್ರಟೀಸನು ಅದನ್ನು ಧಿಕ್ಕರಿಸಲೂ ಇಲ್ಲ, ಸುಮ್ಮನೆ ನಂಬಿ ಕೂರಲೂ ಇಲ್ಲ, ಪರೀಕ್ಷಿಸಲು ಹೊರಟನು. ರಾಜಕಾರಣಿಗಳನ್ನೂ ಕವಿಗಳನ್ನೂ ಕುಶಲಕರ್ಮಿಗಳನ್ನೂ ಕಂಡು ಪ್ರಶ್ನಿಸಿದನು. ತಮಗೆ ತಿಳಿಯದುದನ್ನು ತಿಳಿದಿದೆಯೆಂದು ಅವರೆಲ್ಲ ಭಾವಿಸಿದ್ದರು; ತನಗೆ ತಿಳಿಯದೆಂಬುದಾದರೂ ತನಗೆ ತಿಳಿದಿದೆ, ದೇವವಾಣಿಯ ಅರ್ಥ ಇಷ್ಟೇ ಎಂಬ ನಿರ್ಣಯಕ್ಕೆ ಅವನು ಬಂದನು. ನ್ಯಾಯಸಭೆಯು ಅವನಿಗೆ ಮರಣದಂಡನೆ ವಿಧಿಸಿತು.

ಸೆರೆಮನೆಯಿಂದ ತಪ್ಪಿಸಿಕೊಂಡು ಹೋಗಲು ಗೆಳೆಯ ಕ್ರಿಟೊ ಏರ್ಪಾಟು ಮಾಡಿದಾಗ ಸಾಕ್ರಟೀಸನು ಒಪ್ಪಲಿಲ್ಲ. ತನ್ನನ್ನು ಹೆತ್ತು ಹೊರೆದ ನಗರದ ಕಾನೂನನ್ನು ಮುರಿಯಲಾರೆನೆಂದನು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾನೂನಿನ ಅಧಿಕಾರಕ್ಕೆ ಅವನು ತನ್ನ ದೇಹವನ್ನು ಒಪ್ಪಿಸಿದನು. ಆದರೆ ಯಾವುದು ಸತ್ಯವೆಂಬುದನ್ನು ಬಹುಮತವಾಗಲಿ ಪದವಿಯಾಗಲಿ ಪ್ರಾಚೀನತೆಯಾಗಲಿ ತೀರ್ಮಾನಿಸಬಲ್ಲದೆಂದು ಅವನು ಕೊನೆಯವರೆಗೂ ಒಪ್ಪಲಿಲ್ಲ.

ಆ ಕೊನೆಯ ದಿನದ ಚಿತ್ರವನ್ನು ಪ್ಲೇಟೊ ‘ಫೀಡೊ’ ಎಂಬ ಸಂವಾದದಲ್ಲಿ ಕೊಟ್ಟಿದ್ದಾನೆ. ಸಂಜೆಗೆ ವಿಷದ ಬಟ್ಟಲು ಬರಲಿದೆ. ಸಾಕ್ರಟೀಸನು ಆತ್ಮದ ಅಮರತ್ವವನ್ನು ಕುರಿತು ವಾದಿಸುತ್ತಿದ್ದಾನೆ. ಥೀಬ್ಸ್ ನಗರದಿಂದ ಬಂದಿದ್ದ ಸಿಮಿಯಸ್ ಮತ್ತು ಕೀಬೀಸ್ ಎಂಬ ಗೆಳೆಯರಿಗೆ ಆ ವಾದದಲ್ಲಿ ಸಂದೇಹವಿದೆ. ಆದರೆ ಸಾಯಲಿರುವ ಹಿರಿಯನ ಮಾತಿಗೆ ಅಡ್ಡಿ ಹೇಳುವುದು ಹೇಗೆ? ಇಬ್ಬರೂ ಮೆಲುದನಿಯಲ್ಲಿ ಮಾತನಾಡಿಕೊಳ್ಳುತ್ತಾರೆ. ಅದನ್ನು ಕಂಡ ಸಾಕ್ರಟೀಸನು ಸಂದೇಹವಿದ್ದರೆ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುತ್ತಾನೆ. ಸಾಕ್ರಟೀಸನ ಚಿಂತೆಯನ್ನು ಬಿಟ್ಟು ಸತ್ಯದ ಚಿಂತೆಯನ್ನು ಹೆಚ್ಚಾಗಿ ಮಾಡಬೇಕೆಂದು ತಿಳಿಸುತ್ತಾನೆ. ಅವರು ಆಕ್ಷೇಪಗಳನ್ನು ಮುಂದಿಟ್ಟಾಗ ಸಂತೋಷದಿಂದ ಕೇಳುತ್ತಾನೆ. ಸಾವಿನ ಹೊಸ್ತಿಲಲ್ಲಿ ನಿಂತು, ತನಗೆ ಸಮಾಧಾನ ನೀಡುವ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದ ಗುರುವನ್ನು ಇಲ್ಲಿ ಕಾಣುತ್ತೇವೆ. “ಅವರೇ ಹೇಳಿದ್ದಾರೆ” ಎಂಬ ಉತ್ತರವನ್ನು ಇಂಥ ಗುರುವಿನ ಹೆಸರಿನಲ್ಲಿ ಹೇಳುವಂತಿಲ್ಲ.

ಪ್ಲೇಟೊ ಅಥೆನ್ಸಿನ ಹೊರವಲಯದಲ್ಲಿ ಅಕಾಡೆಮಿಯೆಂಬ ವಿದ್ಯಾಕೇಂದ್ರವನ್ನು ಸ್ಥಾಪಿಸಿದನು. ಉತ್ತರದ ಸ್ಟಗೀರಾ ಎಂಬ ಊರಿನಿಂದ ಹದಿನೇಳು ವರ್ಷದ ಅರಿಸ್ಟಾಟಲನು ಅಲ್ಲಿಗೆ ಬಂದನು. ಕ್ರಿ. ಪೂ. 347ರಲ್ಲಿ ಪ್ಲೇಟೊ ತೀರಿಕೊಳ್ಳುವವರೆಗೆ, ಸುಮಾರು ಇಪ್ಪತ್ತು ವರ್ಷ, ಅಲ್ಲಿಯೇ ಉಳಿದನು. ಗುರುವಿನಲ್ಲಿ ಅವನಿಗೆ ಅಪಾರ ಗೌರವ. ಆದರೂ ಪ್ಲೇಟೊವಿನ ಪ್ರಮುಖ ಸಿದ್ಧಾಂತವನ್ನು ಅವನು ಖಂಡಿಸಿದನು. ತನ್ನ ನೀತಿಶಾಸ್ತ್ರ ಗ್ರಂಥದಲ್ಲಿ ಆ ಖಂಡನೆಗೆ ತೊಡಗುವ ಮುನ್ನ, ಈ ಸಿದ್ಧಾಂತವನ್ನು ತಂದವರು ಆತ್ಮೀಯರಾದುದರಿಂದ ಈ ಕೆಲಸ ಕಷ್ಟದ್ದೆಂದೂ, ಆದರೆ ಮಿತ್ರರೂ ಸತ್ಯವೂ ಇಬ್ಬರೂ ಪ್ರಿಯರಾಗಿರುವಾಗ ಸತ್ಯಕ್ಕೆ ಮೊದಲ ಮನ್ನಣೆ ಸಲ್ಲಬೇಕೆಂದೂ ಹೇಳಿಕೊಂಡಿದ್ದಾನೆ.

ಹಾಗೆಂದು ಅರಿಸ್ಟಾಟಲನು ಹಿಂದಿನವರನ್ನು ಕಡೆಗಣಿಸಿದವನಲ್ಲ. ಯಾವ ವಿಷಯವನ್ನು ಎತ್ತಿಕೊಂಡರೂ ಹಿಂದಿನವರು ಏನು ಹೇಳಿದ್ದಾರೆಂಬುದನ್ನು ಒಟ್ಟುಗೂಡಿಸಿ, ಅವುಗಳ ವಿರೋಧಗಳನ್ನು ತೋರಿಸಿ, ಅನಂತರ ತನ್ನ ಮಾತನ್ನು ಹೇಳುವುದು ಅವನ ಪದ್ಧತಿ. ನಾವು ಒಪ್ಪದ ಅಭಿಪ್ರಾಯಗಳನ್ನು ಹೇಳಿದವರಿಗೂ ನಾವು ಕೃತಜ್ಞರಾಗಿರಬೇಕು. ಅವರು ನಮ್ಮ ಬುದ್ಧಿಗೆ ಸಾಧನೆಯನ್ನು ಒದಗಿಸಿದ್ದಾರೆ ಎಂಬುದು ಅವನ ಭಾವನೆ. ಪ್ರತ್ಯಕ್ಷಕ್ಕೂ ಅವನು ಅಷ್ಟೇ ಬೆಲೆ ಕೊಟ್ಟನು. ಕೋಳಿಮೊಟ್ಟೆಯೊಳಗಿನ ಬೆಳವಣಿಗೆಯನ್ನು ವರ್ಣಿಸುತ್ತ, ಮೂರು ದಿನಗಳಾದ ಮೇಲೆ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯಂತೆ ಹೃದಯವು ಕಾಣುತ್ತದೆಂದು ಬರೆದನು. ಜೇನುನೊಣಗಳ ಹುಟ್ಟನ್ನು ಕುರಿತು ತನ್ನ ವಾದವನ್ನು ವಿವರವಾಗಿ ಮಂಡಿಸಿದ ಮೇಲೆ, ಸಂಗತಿಗಳು ಇನ್ನೂ ಸಾಕಷ್ಟು ತಿಳಿದಿಲ್ಲವೆಂದೂ, ಮುಂದೆ ತಿಳಿದುಬಂದಾಗ ವಾದಕ್ಕಿಂತ ಕಂಡದ್ದನ್ನೇ ಹೆಚ್ಚು ನಂಬಬೇಕೆಂದೂ ಸೇರಿಸಿದನು. ತನ್ನ ಮಾತನ್ನು ತಿದ್ದುವ ಹಕ್ಕನ್ನು ಅವನು ಮುಂದಿನವರಿಗೆ ಹೀಗೆ ತಾನೇ ಬರೆದುಕೊಟ್ಟನು.

ಆ ಹಕ್ಕನ್ನು ಅವನ ವಿದ್ಯಾಪೀಠದವರೇ ಮೊದಲು ಬಳಸಿದರು. ಅರಿಸ್ಟಾಟಲನ ಅನಂತರ ಥಿಯೊಫ್ರಾಸ್ಟಸನೂ, ಅವನ ಅನಂತರ ಸ್ಟ್ರೇಟೊವೂ ಲೈಸಿಯಂ ಎಂಬ ಆ ಪೀಠದ ಮುಖ್ಯಸ್ಥರಾದರು. ಬೀಳುವ ವಸ್ತುವಿನ ವೇಗ ಹೆಚ್ಚುತ್ತ ಹೋಗುತ್ತದೆಯೆಂಬ ಮಾತಿಗೆ ಸ್ಟ್ರೇಟೊ ಸಾಕ್ಷ್ಯವನ್ನು ಹುಡುಕಿದನು. ಮಾಡಿನ ಅಂಚಿನಿಂದ ಸುರಿಯುವ ಮಳೆನೀರು ಮೇಲೆ ಒಂದೇ ಧಾರೆಯಾಗಿದ್ದು, ಕೆಳಗೆ ಬಂದಂತೆ ಹನಿಹನಿಯಾಗಿ ಒಡೆಯುವುದನ್ನು ಅವನು ತೋರಿಸಿದನು. ವೇಗ ಹೆಚ್ಚದಿದ್ದರೆ ಧಾರೆ ಏಕೆ ಕಡಿಯಬೇಕು? ಎಲ್ಲರ ಮನೆಯ ಮುಂದೆಯೂ ಮಳೆ ಸುರಿಯುತ್ತಿತ್ತು. ಅದನ್ನು ಪ್ರಮಾಣವನ್ನಾಗಿ ಕಂಡವನು ಸ್ಟ್ರೇಟೊ.

ಪರಂಪರೆಯ ನಿಜವಾದ ಬೆಲೆಯನ್ನು ಖಗೋಳಶಾಸ್ತ್ರದ ಒಂದು ಪ್ರಸಂಗದಲ್ಲಿ ಕಾಣಬಹುದು. ಕ್ರಿ. ಪೂ. ಮೂರನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಟಿಮೊಕ್ಯಾರಿಸನು, ನಾವು ಚಿತ್ತಾ ಎಂದು ಕರೆಯುವ ನಕ್ಷತ್ರದ ಸ್ಥಾನವನ್ನು ಅಳೆದು ಬರೆದಿಟ್ಟನು. ಶರತ್ಕಾಲದಲ್ಲಿ ಹಗಲಿರುಳು ಸಮವಾಗುವ ದಿನ ಸೂರ್ಯನಿರುವ ಬಿಂದುವಿನಿಂದ ಆ ನಕ್ಷತ್ರವು ಎಂಟು ಅಂಶಗಳಷ್ಟು ದೂರದಲ್ಲಿತ್ತು. ಸುಮಾರು ಒಂದೂವರೆ ಶತಮಾನದ ಮೇಲೆ ಹಿಪಾರ್ಕಸನು ಅದೇ ದೂರವನ್ನು ಅಳೆದಾಗ ಅದು ಆರು ಅಂಶಗಳಷ್ಟೇ ಇತ್ತು. ಈಗ ಹಿಪಾರ್ಕಸನ ಮುಂದೆ ಎರಡು ದಾರಿಗಳಿದ್ದುವು. ಹಿಂದಿನವನ ಅಳತೆ ತಪ್ಪೆಂದು ತಳ್ಳಿಹಾಕಬಹುದಾಗಿತ್ತು. ಅಥವಾ ಹಿಂದಿನವನ ಅಳತೆಯೇ ಸರಿಯೆಂದು ತನ್ನದನ್ನು ಮುಚ್ಚಿಡಬಹುದಾಗಿತ್ತು. ಅವನು ಎರಡನ್ನೂ ಮಾಡದೆ, ಇಬ್ಬರ ಅಳತೆಯನ್ನೂ ನಂಬಿ, ಎರಡಕ್ಕೂ ಇರುವ ಅಂತರಕ್ಕೆ ಕಾರಣವನ್ನು ಹುಡುಕಿದನು. ಆ ಬಿಂದುವೇ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿಯುತ್ತಿದೆಯೆಂಬ ಸತ್ಯ ಅವನಿಗೆ ಹೊಳೆಯಿತು. ಅಯನಚಲನೆಯ ಶೋಧ ನಡೆದದ್ದು ಹೀಗೆ. ಈ ಚಲನೆ ಎಷ್ಟು ನಿಧಾನವೆಂದರೆ, ಒಂದು ಅಂಶದಷ್ಟು ಸರಿಯಲು ಸುಮಾರು 72 ವರ್ಷ ಬೇಕು. ಒಬ್ಬನ ಆಯುಷ್ಯದಲ್ಲಿ ಅದನ್ನು ಅಂದಿನ ಸಾಧನಗಳಿಂದ ಗುರುತಿಸುವುದು ಬಹು ಕಷ್ಟ. ಹಿರಿಯರ ಲಿಖಿತವಿಲ್ಲದಿದ್ದರೆ ಹಿಪಾರ್ಕಸನಿಗೆ ಏನೂ ಕಾಣುತ್ತಿರಲಿಲ್ಲ. ಹಿರಿಯರ ಲಿಖಿತವನ್ನು ತನ್ನ ಅಳತೆಯ ಪಕ್ಕದಲ್ಲಿಟ್ಟು ನೋಡದಿದ್ದರೂ ಕಾಣುತ್ತಿರಲಿಲ್ಲ.

ಈ ಕಥೆಗೆ ಇನ್ನೊಂದು ಮುಖವುಂಟು. ಹಿಪಾರ್ಕಸನು ಬಹು ಎಚ್ಚರಿಕೆಯ ಮನುಷ್ಯ. ಆ ಚಲನೆ ನೂರು ವರ್ಷಗಳಿಗೆ ಒಂದು ಅಂಶಕ್ಕಿಂತ ಕಡಿಮೆಯಿರಲಾರದೆಂದು ಮಾತ್ರ ಅವನು ಹೇಳಿದ್ದನು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಟಾಲೆಮಿಯು ನೂರು ವರ್ಷಗಳಿಗೆ ಒಂದು ಅಂಶವೆಂದೇ ನಿಶ್ಚಯಿಸಿದನು. ತನ್ನ ವೀಕ್ಷಣೆಯೂ ಇದಕ್ಕೆ ಹೊಂದುತ್ತದೆಯೆಂದು ಬರೆದನು. ಹಿರಿಯನು ‘ಇದಕ್ಕಿಂತ ಕಡಿಮೆಯಿಲ್ಲ’ ಎಂದು ಹಾಕಿದ ಗಡಿಯು ಕಿರಿಯನ ಕೈಯಲ್ಲಿ ‘ಇಷ್ಟೇ’ ಎಂಬ ಸಿದ್ಧಾಂತವಾಯಿತು. ಟಾಲೆಮಿ ಸಾಮಾನ್ಯನಲ್ಲ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು ಕೊಟ್ಟ ಅವನ ಮಹಾಗ್ರಂಥವು ಮುಂದೆ ಸಾವಿರದ ಮುನ್ನೂರು ವರ್ಷಗಳಿಗೂ ಮೀರಿ ಖಗೋಳಶಾಸ್ತ್ರಜ್ಞರ ಕೈಪಿಡಿಯಾಗಿತ್ತು. ಆದುದರಿಂದಲೇ ಅವನ ತಪ್ಪಿಗೂ ದೀರ್ಘಾಯುಷ್ಯ ಬಂದಿತು. ಅರಬ್ಬೀ ಖಗೋಳಜ್ಞರು ಒಂಬತ್ತನೆಯ ಶತಮಾನದಲ್ಲಿ ಆಕಾಶವನ್ನು ಮತ್ತೆ ಅಳೆದು ಈ ಸಂಖ್ಯೆಯನ್ನು ತಿದ್ದಬೇಕಾಯಿತು.

ವೈದ್ಯಶಾಸ್ತ್ರದಲ್ಲಿಯೂ ಇಂಥದೇ ಸಂಗತಿ ನಡೆಯಿತು. ದೇಹದಲ್ಲಿ ಬುದ್ಧಿಯ ನೆಲೆ ಹೃದಯವೆಂದು ಅರಿಸ್ಟಾಟಲನು ಹೇಳಿದ್ದನು. ಅಲೆಕ್ಸಾಂಡ್ರಿಯದ ಹೆರೊಫಿಲಸನು ಮಾನವದೇಹವನ್ನು ಛೇದಿಸಿ, ನರಗಳನ್ನು ಅನುಸರಿಸಿ, ಆ ನೆಲೆ ಮಿದುಳೆಂದು ಕಂಡುಕೊಂಡನು. ಅದೇ ನಗರಕ್ಕೆ ಸಂಬಂಧಿಸಿದ ಎರಾಸಿಸ್ಟ್ರೇಟಸನೆಂಬ ಪ್ರಸಿದ್ಧ ವೈದ್ಯನು ಅಪಧಮನಿಗಳಲ್ಲಿ ಇರುವುದು ವಾಯುವೆಂದು ನಂಬಿದ್ದನು. ಕ್ರಿ. ಶ. ಎರಡನೆಯ ಶತಮಾನದ ಗೇಲನನು ಪ್ರಾಣಿಯೊಂದರ ಅಪಧಮನಿಯನ್ನು ಎರಡು ಕಡೆ ಬಿಗಿದು ಕಟ್ಟಿ, ನಡುವೆ ಕೊಯ್ದು, ಒಳಗೆ ರಕ್ತವೇ ಇರುವುದನ್ನು ತೋರಿಸಿದನು. ಪಂಥದ ಮಾತನ್ನು ಕುರುಡಾಗಿ ನಂಬುವವರನ್ನು ಅವನು ಕಟುವಾಗಿ ಟೀಕಿಸಿದನು. ಸಾಧ್ಯವಾದರೆ ಅಲೆಕ್ಸಾಂಡ್ರಿಯಕ್ಕೆ ಹೋಗಿ ಮನುಷ್ಯರ ಮೂಳೆಗಳನ್ನು ಕಣ್ಣಾರೆ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿದನು. ಅವನ ಕಾಲದಲ್ಲಿ ಮಾನವದೇಹವನ್ನು ಛೇದಿಸುವ ಅವಕಾಶವಿರಲಿಲ್ಲವಾಗಿ, ಕೋತಿ, ಹಂದಿ ಮೊದಲಾದ ಪ್ರಾಣಿಗಳಲ್ಲಿ ಕಂಡುದನ್ನೇ ಅವನು ಮನುಷ್ಯನಿಗೂ ಅನ್ವಯಿಸಿದನು. ಹೀಗೆ ಅನೇಕ ತಪ್ಪುಗಳು ಸೇರಿಕೊಂಡುವು.

ಕಣ್ಣಾರೆ ನೋಡಿರೆಂದು ಹೇಳಿದ ಗುರುವಿನ ಹೆಸರಿನಲ್ಲಿಯೇ ಮುಂದಿನವರು ನೋಡುವುದನ್ನು ಬಿಟ್ಟರು. ಗೇಲನನ ಗ್ರಂಥವೇ ದೇಹಕ್ಕಿಂತ ಹೆಚ್ಚಿನ ಪ್ರಮಾಣವಾಯಿತು. 1543ರಲ್ಲಿ ವೆಸೇಲಿಯಸನು ತನ್ನ ದೊಡ್ಡ ಅಂಗರಚನಾ ಗ್ರಂಥವನ್ನು ಪ್ರಕಟಿಸಿ, ಮನುಷ್ಯನ ಕೆಳದವಡೆ ಗೇಲನನು ಹೇಳಿದಂತೆ ಎರಡು ಮೂಳೆಗಳದ್ದಲ್ಲ, ಒಂದೇ ಮೂಳೆಯದು ಎಂಬಂಥ ಹಲವು ತಿದ್ದುಪಡಿಗಳನ್ನು ಮುಂದಿಟ್ಟನು. ಪ್ಯಾರಿಸ್ಸಿನಲ್ಲಿ ಅವನಿಗೆ ಪಾಠ ಹೇಳಿದ್ದ ಸಿಲ್ವಿಯಸನು ಕೋಪಗೊಂಡನು. ಗೇಲನನು ತಪ್ಪಿರಲಾರ, ಅವನ ಕಾಲದಿಂದೀಚೆಗೆ ಮನುಷ್ಯರ ದೇಹವೇ ಬದಲಾಗಿರಬೇಕು ಎಂದು ವಾದಿಸಿದನು! ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವುದೆಂದರೆ ಇದೇ. ಮರವನ್ನು ನೆಟ್ಟ ಅಪ್ಪನಾದರೋ ಮಕ್ಕಳಿಗೆ ನೆರಳಾಗಲೆಂದು ನೆಟ್ಟಿದ್ದನು.

ಅರಿಸ್ಟಾಟಲನಿಗೂ ಇದೇ ಗತಿಯಾಯಿತು. ವಸ್ತುವಿನ ಭಾರ ಹೆಚ್ಚಿದಂತೆ ಅದು ಅಷ್ಟೇ ಬೇಗ ಬೀಳುತ್ತದೆಯೆಂದು ಅವನು ಬರೆದಿದ್ದನು. ಕ್ರಿ. ಶ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸನು ಅರಿಸ್ಟಾಟಲನ ಗ್ರಂಥಕ್ಕೆ ಗ್ರೀಕಿನಲ್ಲಿ ವ್ಯಾಖ್ಯಾನವನ್ನು ಬರೆಯುತ್ತ, ಒಂದಕ್ಕಿಂತ ಒಂದು ಬಹುಪಾಲು ಭಾರವಾದ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ ಅವು ನೆಲ ಮುಟ್ಟುವ ಕಾಲದಲ್ಲಿ ಅತ್ಯಲ್ಪ ವ್ಯತ್ಯಾಸ ಮಾತ್ರ ಕಾಣುತ್ತದೆಂದು ತೋರಿಸಿದನು. ಆದರೂ ಬಹುಮಂದಿ ಪಂಡಿತರಿಗೆ ಮೂಲದ ಮಾತೇ ಪ್ರಮಾಣವಾಗಿ ಉಳಿಯಿತು. 1638ರಲ್ಲಿ ಗೆಲಿಲಿಯೊವಿನ ಗ್ರಂಥ ಬಂದ ಮೇಲೆಯೇ ಬೀಳುವ ವಸ್ತುಗಳ ನಿಯಮ ಗಟ್ಟಿಯಾಗಿ ನೆಲೆಗೊಂಡದ್ದು. ಇಲ್ಲಿಯೂ ಪರಂಪರೆಯ ಉಪಕಾರವನ್ನು ಮರೆಯಬಾರದು. ಮೂಲದೊಡನೆ ಅದನ್ನು ವಿರೋಧಿಸಿದವರ ಮಾತುಗಳನ್ನೂ ವ್ಯಾಖ್ಯಾನಕಾರರು ಉಳಿಸಿಕೊಟ್ಟರು. ಸ್ಟ್ರೇಟೊವಿನ ಮಳೆನೀರಿನ ದೃಷ್ಟಾಂತವು ಇಂದು ನಮಗೆ ತಿಳಿದಿರುವುದು ಅಂಥ ಒಂದು ವ್ಯಾಖ್ಯಾನದಿಂದಲೇ; ಅವನ ಸ್ವಂತ ಗ್ರಂಥಗಳು ಕಳೆದುಹೋಗಿವೆ.

ಗ್ರೀಕರ ಈ ದೀರ್ಘ ಚರಿತ್ರೆಯಲ್ಲಿ ಕೇಡಿಗೆ ಕಾರಣವಾದುದು ಹಿರಿಯರಲ್ಲಿಟ್ಟ ಗೌರವವಲ್ಲ. ಗೌರವವಿಲ್ಲದಿದ್ದರೆ ಟಿಮೊಕ್ಯಾರಿಸನ ಅಳತೆಯನ್ನು ಯಾರು ಕಾಪಾಡುತ್ತಿದ್ದರು? ಹಿರಿಯರು ಹೇಗೆ ತಿಳಿದುಕೊಂಡರೆಂಬುದನ್ನು ಮರೆತು, ಅವರು ಏನು ಹೇಳಿದರೆಂಬುದನ್ನು ಮಾತ್ರ ಉಳಿಸಿಕೊಂಡಾಗ ಕೇಡು ಬಂದಿತು. ಹಿಪಾರ್ಕಸನು ತನಗೆ ದೊರೆತ ವೀಕ್ಷಣೆಗಳು ಸಾಲವೆಂದು ಕಂಡು, ಗ್ರಹಗಳ ಚಲನೆಗೆ ತಾನು ಸಿದ್ಧಾಂತವನ್ನು ಕಟ್ಟಲಿಲ್ಲ. ತನ್ನ ಕಾಲದ ಸಿದ್ಧಾಂತಗಳು ವೀಕ್ಷಣೆಗೆ ಹೊಂದುವುದಿಲ್ಲವೆಂದು ತೋರಿಸಿ, ಅಳತೆಗಳನ್ನು ಕ್ರಮಪಡಿಸಿ ಮುಂದಿನವರಿಗೆ ಬಿಟ್ಟನು. ಇದನ್ನು ಹೇಳಿ ಅವನನ್ನು ಸತ್ಯಪ್ರಿಯನೆಂದು ಕೊಂಡಾಡಿದವನು ಟಾಲೆಮಿಯೇ. ತಾನು ಕಾಣದುದನ್ನು ತನ್ನ ಅನಂತರದವನು ಕಂಡಾನೆಂಬ ನಂಬಿಕೆ ಹಿಪಾರ್ಕಸನದು. ಅಂಥ ಗುರುವಿಗೆ ಶಿಷ್ಯನು ಸಲ್ಲಿಸಬಹುದಾದ ಕಾಣಿಕೆಯೆಂದರೆ, ಅವನ ಗ್ರಂಥವನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಆಕಾಶವನ್ನು ನೋಡುವುದು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೈಥಾಗೊರಸನ ಶಿಷ್ಯರು ತಮ್ಮ ಮಾತಿಗೆ ಯಾವ ಆಧಾರವನ್ನು ಕೊಡುತ್ತಿದ್ದರು?
2. ಭೂಮಿಯು ಬೀಳದೆ ನಿಂತಿರುವುದಕ್ಕೆ ಅನಾಕ್ಸಿಮ್ಯಾಂಡರನು ಹೇಳಿದ ಕಾರಣವೇನು?
3. ಸ್ಟ್ರೇಟೊ ಮಳೆನೀರಿನಲ್ಲಿ ಏನನ್ನು ಗಮನಿಸಿದನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಾಕ್ರಟೀಸನು ಡೆಲ್ಫಿಯ ದೇವವಾಣಿಯನ್ನು ಹೇಗೆ ಪರೀಕ್ಷಿಸಿದನು?
2. ಸಾಕ್ರಟೀಸನು ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಒಪ್ಪದಿದ್ದುದೂ ತನ್ನ ವಿಚಾರವನ್ನು ಬಿಡದಿದ್ದುದೂ ಪರಸ್ಪರ ವಿರುದ್ಧವೇ? ಚರ್ಚಿಸಿರಿ.
3. ಅಯನಚಲನೆಯ ಶೋಧಕ್ಕೆ ಟಿಮೊಕ್ಯಾರಿಸನ ಅಳತೆ ಏಕೆ ಅಗತ್ಯವಾಗಿತ್ತು?

ಇ. ಸಂದರ್ಭವನ್ನು ತಿಳಿಸಿ ವಿವರಿಸಿರಿ.
1. “ಆ ಪ್ರಶ್ನೆಯೇ ಥೇಲೀಸನು ತನ್ನವರಿಗೆ ಬಿಟ್ಟುಹೋದ ಆಸ್ತಿ.”
2. “ಕಣ್ಣಾರೆ ನೋಡಿರೆಂದು ಹೇಳಿದ ಗುರುವಿನ ಹೆಸರಿನಲ್ಲಿಯೇ ಮುಂದಿನವರು ನೋಡುವುದನ್ನು ಬಿಟ್ಟರು.”

ಈ. ನಿಮ್ಮ ಊರಿನ ಹಿರಿಯರು ಮಳೆ, ಬೆಳೆ ಅಥವಾ ನಕ್ಷತ್ರಗಳ ವಿಷಯವಾಗಿ ಹೇಳುವ ಒಂದು ಮಾತನ್ನು ಆರಿಸಿಕೊಂಡು, ಅದನ್ನು ಪರೀಕ್ಷಿಸುವ ಬಗೆ ಹೇಗೆಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.